ಗಂಧದ ಗುಳಿ

ಚಿಕ್ಕತಾಯಮ್ಮನ ಹೊಸ ಬಲಗೈ ಮದುವಣಗಿತ್ತಿಯ ಅಂಗೈಯನ್ನು ಮೆಲ್ಲಗೆ ಒತ್ತಿತು. ಹಸಿರು ಗಾಜಿನ ಬಳೆ ನಾಲ್ಕು ಬೆರಳು ದಾಟಿ ಹೆಬ್ಬೆರಳ ಗೆಣ್ಣಿನ ಬಳಿ ನಿಂತಿತು. ನಂಜನಗೂಡಿನಲ್ಲಿ ನಲವತ್ತು ವರ್ಷ ಬಳೆ ತೊಡಿಸಿದವಳಿಗೆ ಅದೇನೂ ಹೊಸ ಜಾಗವಲ್ಲ. ಆದರೆ ಆ ಗೆಣ್ಣು ಅವಳ ಬೆರಳಿಗೆ ಒಮ್ಮೆ ತಗುಲಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೊಮ್ಮೆ ತಗುಲಿತು. ಯಾವುದು ನಿಜ? ಎರಡನೆಯದನ್ನು ನಂಬಿ ಒತ್ತಿದಳು. ಬಳೆ ಚಟ್ಟನೆ ಒಡೆಯಿತು.

ಹುಡುಗಿಯ ಕೈಮೇಲೆ ರಕ್ತದ ಒಂದು ಹನಿ ಮೂಡಿತು. "ಏನೂ ಆಗಿಲ್ಲ ಬುಡಜ್ಜಿ," ಎಂದು ಪಿಸುಗುಟ್ಟಿ, ತಾಯಿ ನೋಡುವ ಮೊದಲೇ ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಮರುದಿನವೇ ಚಿಕ್ಕತಾಯಮ್ಮ ಕೈಯನ್ನು ಬಿಚ್ಚಿ, ಟವೆಲಿನಲ್ಲಿ ಸುತ್ತಿಕೊಂಡು ಮೈಸೂರಿನ ಕೃತಕಾಂಗ ಸಂಶೋಧನಾಲಯಕ್ಕೆ ಬಂದಳು.

"ತಕಳಿ ಡಾಕ್ಟ್ರಮ್ಮ. ಕಸ ಗುಡ್ಸಕ್ಕೆ, ಮುದ್ದೆ ತಿರುವಕ್ಕೆ ಆಯ್ತದೆ. ಬಳೆಗೆ ಆಗಕ್ಕಿಲ್ಲ. ಇದು ಒಂದನ್ನ ಎರಡು ಸಲ ಹೇಳ್ತದೆ, ನಮ್ಮ ಬೀಗಿತಿ ಇದ್ದಂಗೆ."

ಸ್ಪರ್ಶಹಸ್ತವೆಂಬ ಆ ಕೃತಕ ಕೈಯನ್ನು ರೂಪಿಸಿದ ಡಾ. ನಳಿನಾಕ್ಷಿ ನಗಲಿಲ್ಲ. ಬಸ್ಸಿನ ಅಪಘಾತದಲ್ಲಿ ಕೈ ಕಳೆದುಕೊಂಡ ಈಕೆಗೆ, "ನಿಮ್ಮ ಕಸುಬು ನಿಮಗೆ ವಾಪಸ್ ಕೊಡ್ತೀನಿ," ಎಂದು ಮಾತು ಕೊಟ್ಟಿದ್ದರು.

ಆ ಕೈಯ ಬೆರಳುಗಳಲ್ಲಿ ಸಾವಿರಾರು ಸ್ಪರ್ಶಬಿಂದುಗಳಿದ್ದವು. ಅಷ್ಟೂ ಬಿಂದುಗಳ ಸುದ್ದಿಯನ್ನು ಒಂದೇ ತಂತಿಯಲ್ಲಿ ಕಳುಹಿಸಬೇಕಾದ್ದರಿಂದ, ಸಂಕೇತಗಳು ಸೆಕೆಂಡಿಗೆ ಕೋಟಿಗಟ್ಟಲೆ ಸಲ ಕಂಪಿಸುತ್ತ ಮೊಣಕೈ ಕಡೆಗೆ ಓಡುತ್ತಿದ್ದವು. ಅಲ್ಲಿ ಕೃತಕ ಕೈಯನ್ನೂ ನರಗಳನ್ನೂ ಜೋಡಿಸುವ, ಕಡಲೆಕಾಳಿನ ಗಾತ್ರದ ಸಂಧಿಕೊಂಡಿ ಇತ್ತು. ನಿಧಾನವಾದ ವಿದ್ಯುತ್ತಿಗೆ ಲೋಹಕ್ಕೆ ಲೋಹ ತಗುಲಿದರೆ ಸಾಕು. ಅಧಿಕ ಆವರ್ತನದ ಸಂಕೇತ ಹಾಗಲ್ಲ. ದಾರಿಯ ಅಗಲ ಕೂದಲೆಳೆಯಷ್ಟು ಬದಲಾದರೂ ಅದರ ಒಂದು ಪಾಲು ಗೋಡೆಗೆ ಬಡಿದ ದನಿಯಂತೆ ಹಿಂದಿರುಗುತ್ತದೆ. ಈ ಹಿಮ್ಮರಳು ಮುಂದಿನ ಸಂಕೇತದೊಡನೆ ಬೆರೆತು, ಒಂದು ಸ್ಪರ್ಶ ಮಿದುಳಿಗೆ ಎರಡಾಗಿ ತಿಳಿಯುತ್ತಿತ್ತು.

"ಎಲ್ಲಿ ತಪ್ಪಿದೆ ಅಂತ ಗೊತ್ತು, ಅಮ್ಮ," ಎಂದರು ನಳಿನಾಕ್ಷಿ. "ಕೊಂಡಿ ಕಳಚದ ಹಾಗೆ ಹಿಡಿಯೋಕೆ ಒಳಗೆ ಒಂದು ಕಚ್ಚು ಇದೆ. ಅಲ್ಲಿ ದಾರಿ ಕಿರಿದಾಗುತ್ತೆ. ಕಚ್ಚು ತೆಗೆದರೆ ಕೈಯೇ ಬಿದ್ದುಹೋಗುತ್ತೆ. ಹತ್ತು ದಿನ ಕೊಡಿ."

"ಹತ್ತು ದಿನ ನೋಡ್ತೀನಿ ಕಣವ್ವ. ಆಗ್ನಿಲ್ಲ ಅಂದ್ರೆ ಮಲಾರವನ್ನ ತಂಗಿ ಸೊಸೆಗೆ ಕೊಟ್ಬುಡ್ತೀನಿ." ಬಳೆಗಳ ಮಲಾರ ಹೊತ್ತುಕೊಂಡೇ ಅವಳು ಊರೂರು ತಿರುಗಿದ್ದಳು.

ನಡುವೆ ಆಯುಧಪೂಜೆ ಬಂತು. ಕೊಂಡಿಗಳನ್ನು ಲೇಥಿನಲ್ಲಿ ಕಡೆಯುತ್ತಿದ್ದ ಸಿದ್ದಾಚಾರ್ ಯಂತ್ರಗಳನ್ನೆಲ್ಲ ಒರೆಸಿ ಗಂಧ, ಕುಂಕುಮ, ಸೇವಂತಿಗೆ ಇಟ್ಟರು. ರಜೆ ಮುಗಿದು ಬಂದ ನಳಿನಾಕ್ಷಿ, ಮೇಜಿನ ಮೇಲಿದ್ದ ಕೊಂಡಿಯನ್ನು ಎಂದಿನಂತೆ ಮಾಪಕಕ್ಕೆ ಜೋಡಿಸಿದರು. ಹಿಮ್ಮರಳು ಹೆಚ್ಚುಕಡಿಮೆ ಮಾಯವಾಗಿತ್ತು! ಮಾಪಕ ಕೆಟ್ಟಿರಬೇಕೆಂದು ಕೊಂಡಿಯನ್ನು ಬಿಚ್ಚಿದರು. ಅದರ ಬಾಯಲ್ಲಿ ಒಣಗಿದ ಗಂಧ. ಒರೆಸಿ ಮತ್ತೆ ನೋಡಿದರೆ, ಹಿಮ್ಮರಳು ಮೊದಲಿನಂತೆಯೇ ಹಾಜರು.

"ಆಚಾರ್ರೇ, ಇದಕ್ಕೂ ಗಂಧ ಇಟ್ಟಿದ್ರಾ?"

"ತಪ್ಪಾಯ್ತು ಮೇಡಂ," ಎಂದರು ಅವರು ಕೈ ಹಿಸುಕಿಕೊಳ್ಳುತ್ತ. "ಎಲ್ಲಕ್ಕೂ ಇಟ್ಟು ಇದೊಂದನ್ನ ಬಿಟ್ರೆ ಪಾಪ ಅನ್ನಿಸ್ತು."

"ಇನ್ನೊಂದ್ಸಲ ಇಡಿ. ಅಲ್ಲೇ, ಅಷ್ಟೇ ಇಡಿ."

ಗಂಧ ಇಟ್ಟರೆ ಹಿಮ್ಮರಳಿಲ್ಲ, ತೆಗೆದರೆ ಇದೆ. ಏಕೆಂದು ಅವರು ತಲೆ ಕೆಡಿಸಿಕೊಂಡಿರುವಾಗಲೇ ಹತ್ತನೆಯ ದಿನವಾಗಿ ಚಿಕ್ಕತಾಯಮ್ಮ ಬಂದಳು. ನಡೆದದ್ದನ್ನು ಕೇಳಿ ಅವಳಿಗೇನೂ ಆಶ್ಚರ್ಯವಾಗಲಿಲ್ಲ.

"ಅದ್ರಲ್ಲೇನು? ಹೆಬ್ಬೆರಳ ಗೆಣ್ಣು ಅಡ್ಡ ಬತ್ತದೆ ಅಂತ ಗೆಣ್ಣ ಕುಯ್ಯಕ್ಕಾಯ್ತದಾ? ಪಕ್ಕದ ಮಾಂಸನ ಒತ್ತಿ ಅದಕ್ಕೆ ಜಾಗ ಮಾಡ್ಕೊಡ್ತೀವಿ. ಅಲ್ಲಿ ಹೆಚ್ಚಾಗಿದ್ದು ಇಲ್ಲಿ ಕಮ್ಮಿ ಆಯ್ತದೆ. ಬಳೆಗೆ ಗೊತ್ತೇ ಆಗಕ್ಕಿಲ್ಲ."

ನಳಿನಾಕ್ಷಿ ಎದ್ದು ನಿಂತರು. ಇಷ್ಟು ದಿನ ಅವರು ಕಚ್ಚಿನ ಜೊತೆಗೇ ಜಗಳವಾಡಿದ್ದರು. ಗಂಧ ಅದರ ಪಕ್ಕದಲ್ಲಿ ಕುಳಿತು, ಅಲ್ಲಿ ಕೆಟ್ಟ ಸಮತೋಲವನ್ನು ಇಲ್ಲಿ ಸರಿದೂಗಿಸಿತ್ತು. ಗಂಧ ಉದುರಿಹೋಗುವ ವಸ್ತು. ಅದರ ಬದಲು ಪಿಂಗಾಣಿಯ ಸಣ್ಣ ಬಳೆಯೊಂದನ್ನು ಸಿದ್ದಾಚಾರ್ ಕಡೆದು ಕೊಟ್ಟರು. ಸಾಸಿವೆಕಾಳಿಗೆ ತೊಡಿಸಬಹುದಾದಂಥ ಬಳೆ!

ಆ ವರ್ಷ ಚಿಕ್ಕತಾಯಮ್ಮ ಮೂವತ್ತು ಮದುವೆಗಳಲ್ಲಿ ಬಳೆ ತೊಡಿಸಿದಳು. ಒಂದೂ ಒಡೆಯಲಿಲ್ಲ. ಸಂಧಿಕೊಂಡಿಯ ಕೀರ್ತಿ ದೇಶ ದಾಟಿತು.

ಮುಂದಿನ ವರ್ಷ ವಿಜಯದಶಮಿಯ ಮಾರನೆಯ ಬೆಳಿಗ್ಗೆ, ಸಂಶೋಧನಾಲಯದ ಬಾಗಿಲು ತೆರೆಯುವ ಮೊದಲೇ ಅವಳು ಮೆಟ್ಟಿಲ ಮೇಲೆ ಕುಳಿತಿದ್ದಳು. ಮುಖ ಬಾಡಿತ್ತು. "ಮತ್ತೆ ಎರಡೆರಡು ಸಲ ಹೇಳ್ತಾ ಅದೆ ಡಾಕ್ಟ್ರಮ್ಮ. ನೆನ್ನೆ ಬಸುರಿ ಹೆಂಗ್ಸಿನ ಕೈಲಿ ಬಳೆ ಒಡೀತು. ಇನ್ನು ನನ್ನ ಯಾರು ಕರೆದಾರು?"

ನಳಿನಾಕ್ಷಿ ಕೊಂಡಿಯನ್ನು ಬಿಚ್ಚಿದರು. ಬಾಯ ತುಂಬ ಗಂಧ, ಮೇಲೊಂದು ಕುಂಕುಮದ ಬೊಟ್ಟು. ಪಿಂಗಾಣಿ ಬಳೆ ಸರಿದೂಗಿಸಿದ್ದನ್ನು ಗಂಧ ಮತ್ತೆ ಏರುಪೇರು ಮಾಡಿತ್ತು.

"ಪೂಜೆ ಮಾಡಿದ್ರಾ, ಅಮ್ಮ?"

"ಮಾಡ್ದೆ ಇರಕ್ಕಾಯ್ತದಾ? ನಮ್ಮ ಸೊಸೆ ಹೊಲಿಗೆ ಮಿಷನ್ನಿಗೆ ಮಾಡುದ್ಲು. ನಂಗೆ ಅನ್ನ ಕೊಡೋದು ಈ ಕೈಯಲ್ವಾ?"

ಕೊಂಡಿಗೆ ಏನನ್ನೂ ಹಚ್ಚಬಾರದೆಂದು ಕೈಪಿಡಿಯಲ್ಲಿ ಒಂದು ಸಾಲು ಸೇರಿಸಿದ್ದರೆ ಮುಗಿಯುತ್ತಿತ್ತು. ನಳಿನಾಕ್ಷಿ ಬರೆಯಲೆಂದು ಪೆನ್ನನ್ನೂ ತೆಗೆದರು. ಆಮೇಲೆ ಅದನ್ನು ಮುಚ್ಚಿಟ್ಟು, ಹತ್ತಿಯಿಂದ ಗಂಧ ಒರೆಸುತ್ತ ಕೇಳಿದರು: "ಆಚಾರ್ರೇ, ಕೈಯ ಹೊರಗಿನ ಕವಚದ ಮೇಲೆ ಒಂದು ಗುಳಿ ಕಡೆಯೋಕಾಗುತ್ತಾ? ಸಂಕೇತ ಓಡಾಡದ ಜಾಗದಲ್ಲಿ?"

"ಎಷ್ಟು ದೊಡ್ಡದು ಮೇಡಂ?"

"ಉಂಗುರದ ಬೆರಳಿನ ತುದಿಯಷ್ಟು."

ಅಂದು ಮಧ್ಯಾಹ್ನವೇ ಗುಳಿ ಸಿದ್ಧವಾಯಿತು. ಚಿಕ್ಕತಾಯಮ್ಮ ಅದರಲ್ಲಿ ಗಂಧವಿಟ್ಟು, ಕೈಯನ್ನು ಮೊಣಕೈಗೆ ಜೋಡಿಸಿಕೊಂಡು, ನಳಿನಾಕ್ಷಿಯವರ ಅಂಗೈ ಹಿಡಿದಳು. ಗೆಣ್ಣು ಒಂದೇ ಸಲ ತಗುಲಿತು. ಹಸಿರು ಬಳೆ ಸದ್ದಿಲ್ಲದೆ ಮಣಿಕಟ್ಟಿಗೆ ಇಳಿಯಿತು. ಬಸುರಿಯ ಮನೆಗೆ ನಳಿನಾಕ್ಷಿ ತಾವೇ ಅವಳೊಡನೆ ಹೋಗಿ, ತಪ್ಪು ಅಜ್ಜಿಯದಲ್ಲ, ಕೊಂಡಿಯದು ಎಂದು ಹೇಳಿ ಬಂದರು.

ಆಮೇಲೆ ತಯಾರಾದ ಎಲ್ಲ ಕೈಗಳಲ್ಲೂ ಗುಳಿ ಇತ್ತು. ಅದರ ಉಪಯೋಗವೇನೆಂದು ತಪಾಸಣೆಯವರು ಕೇಳಿದಾಗ ನಳಿನಾಕ್ಷಿ, "ಸಂಕೇತಕ್ಕೆ ಏನೂ ಇಲ್ಲ. ಬಳಸುವವರಿಗೆ ಬೇಕು," ಎಂದು ಬರೆದರು.

ಹಲವು ವರ್ಷಗಳ ನಂತರ, ಸಮುದ್ರದಾಚೆಯ ಯಾವುದೋ ಊರಿನ ರೊಟ್ಟಿ ಸುಡುವವನೊಬ್ಬನ ಕೈ ಸರ್ವಿಸಿಗೆಂದು ಬಂತು. ಗುಳಿಯ ಕಥೆ ಅವನಿಗೆ ಯಾರೂ ಹೇಳಿರಲಿಲ್ಲ. ಆದರೂ ಅದರೊಳಗೆ ಹಿಟ್ಟಿನ ಚಿಕ್ಕ ಉಂಡೆಯೊಂದು ಒಣಗಿ ಕೂತಿತ್ತು. ಅದರ ಮೇಲೆ ಬೆರಳಿನ ಗುರುತಿತ್ತು.

ಸಿದ್ದಾಚಾರ್ ಕನ್ನಡಕ ಏರಿಸಿ ನೋಡಿದರು. "ತೊಳೀಲಾ ಮೇಡಂ?"

"ಉಳಿದದ್ದೆಲ್ಲ ತೊಳೀರಿ," ಎಂದರು ನಳಿನಾಕ್ಷಿ. "ಅದು ಹಾಗೇ ಇರಲಿ."