ಅರವತ್ತು ಡಾಲರ್ ಎಂದು ಬರೆದವನು

"ನೀವು ಅದನ್ನ ಮೂಸಿ ನೋಡ್ತೀರಾ?" ಎಂದು ಕೇಳಿದಳು ಮೇಜಿನ ಮುಂದೆ ನಿಂತ ಹೆಂಗಸು.

"ನೋಡ್ತೀನಿ," ಎಂದ ವೆಂಡೆಲ್ ಹಾಕ್, ಗ್ಲೌಸಿನೊಳಗಿಂದ ಮೂಗು ತೆಗೆಯದೆ. "ಎಣ್ಣೆ ಜಾಸ್ತಿ ಹಚ್ಚಿದ್ರೆ ವಾಸನೇಲೇ ಗೊತ್ತಾಗುತ್ತೆ. ನೆಲಮಾಳಿಗೇಲಿ ಇಟ್ಟಿದ್ರೂ ಗೊತ್ತಾಗುತ್ತೆ."

"ಅಂದ್ರೆ ನಮ್ಮನೆ ನೆಲಮಾಳಿಗೆ ಎಂಥದ್ದು ಅಂತ ನಿಮಗೀಗ ಗೊತ್ತಾಗಿಹೋಯ್ತು. ಇನ್ನು ಮುಚ್ಚಿಡೋಕೆ ನನ್ನ ಹತ್ರ ಏನೂ ಉಳೀಲಿಲ್ಲ."

ಆಗ ಅವನು ತಲೆಯೆತ್ತಿ ನೋಡಿದ. ನೋಡಿದ್ದೇ ಎಡವಟ್ಟಾಯಿತು.

ನಲವತ್ತೈದರ ಆಸುಪಾಸಿನ ಹೆಂಗಸು. ಮುಂದಿನ ಹಲ್ಲೊಂದು ತುಸು ಓರೆ. ನಗುವಾಗ ಅದನ್ನು ತುಟಿಯಿಂದ ಮುಚ್ಚಲು ನೋಡುತ್ತಿದ್ದಳು, ಆಗುತ್ತಿರಲಿಲ್ಲ. ಹೆಸರು ನೊರೀನ್ ಟಾಲಿವರ್. ಗಂಡ ಲೈಲ್ ತೀರಿಕೊಂಡು ಎರಡು ವರ್ಷವಾಗಿತ್ತು. ಮನೆ ಖಾಲಿ ಮಾಡುವಾಗ ಸಿಕ್ಕ ಮೂರು ಹಳೆಯ ಬೇಸ್‌ಬಾಲ್ ಗ್ಲೌಸುಗಳನ್ನು ಕಾಗದದ ಚೀಲದಲ್ಲಿ ಹಾಕಿಕೊಂಡು, ಬೆಲೆ ಕೇಳಲು ಬಂದಿದ್ದಳು.

ಓಹಾಯೋದ ಝೇನ್ಸ್‌ವಿಲ್ ಊರಿನಲ್ಲಿ ಗ್ಲೌಸಿನ ಬೆಲೆ ಬೇಕೆಂದರೆ ಎಲ್ಲರೂ ಹೋಗುವುದು ವೆಂಡೆಲ್ ಬಳಿಗೇ. ವಾರವಿಡೀ ಅಂಚೆ ಕಚೇರಿಯ ಕೆಲಸ. ತಿಂಗಳಿಗೊಂದು ಶನಿವಾರ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡು, ಯಾರು ಏನು ತಂದರೂ ಪುಕ್ಕಟೆಯಾಗಿ ನೋಡಿ ಹೇಳುತ್ತಿದ್ದ. ಅದಲ್ಲದೆ ಕೊಲಂಬಸ್‌ನ ಡಾಟಿ ಎಂಬಾಕೆ ನಡೆಸುವ ಆನ್‌ಲೈನ್ ಹರಾಜಿಗೂ ಅವನೇ ತೀರ್ಪುಗಾರ. ಫೋಟೋಗಳು ಬರುತ್ತಿದ್ದವು, ಮಾರುವವರ ಹೆಸರು ಮಾತ್ರ ಬರುತ್ತಿರಲಿಲ್ಲ. ಮುಖ ನೋಡಿ ಮಣೆ ಹಾಕಬಾರದು ಎಂದು ಡಾಟಿ ಮಾಡಿಕೊಂಡ ಕಟ್ಟಳೆ ಅದು. ಅವನು ಬರೆದ ನಾಲ್ಕು ಸಾಲು ಹರಾಜಿನ ಪುಟದಲ್ಲಿ ಫೋಟೋದ ಕೆಳಗೆ ಕಾಣಿಸಿಕೊಳ್ಳುತ್ತಿತ್ತು, ಜನ ಅದನ್ನು ನಂಬಿ ಬೆಲೆ ಕೂಗುತ್ತಿದ್ದರು.

"ಇಪ್ಪತ್ತು ವರ್ಷದಲ್ಲಿ ನಾನು ಕಂಡ ಒಂದೇ ಒಂದು ಗ್ಲೌಸನ್ನೂ ಮರೆತಿಲ್ಲ," ಎಂದು ಅವನು ಅವಳಿಗೂ ಹೇಳಿದ. ಎಲ್ಲರಿಗೂ ಹೇಳುತ್ತಿದ್ದ. ಈ ವಿಷಯದಲ್ಲಿ ಸ್ವಲ್ಪ ಜಂಬದ ಆಸಾಮಿಯೇ.

ಮೂರರ ಬೆಲೆ ಹೇಳಿದ್ದಾಯಿತು. ನಾಲ್ಕನೆಯದೊಂದು, ಈಗ ಕುರ್ಚಿಯಲ್ಲಿ ಕೂತಿದ್ದ ಅವಳ ಮಡಿಲಲ್ಲೇ ಇತ್ತು.

"ಅದು?"

"ಇದು ಮಾರೋಕಲ್ಲ. ನಿಮಗೆ ಸುಮ್ನೆ ತೋರಿಸೋಣ ಅಂತ ತಂದೆ."

ಲೈಲ್ ಹುಡುಗನಾಗಿದ್ದಾಗಿನ ಗ್ಲೌಸು ಅದು. ಹೇಗೆ ಅದನ್ನು ಹಾಸಿಗೆಯಲ್ಲೂ ಬಿಡದೆ ಇಟ್ಟುಕೊಂಡಿದ್ದ, ಹೆಬ್ಬೆರಳಿನ ಪಕ್ಕದ ಬಲೆ ಹೇಗೆ ಕಿತ್ತುಬಂತು, ಅವಳು ಏನು ಮಾಡಿದಳು, ಎಲ್ಲವನ್ನೂ ಹೇಳಿದಳು. ಹತ್ತು ನಿಮಿಷ ಹೇಳಿದಳು. ವೆಂಡೆಲ್ ಅವಳ ಕಿವಿಯ ಹಿಂದಿನಿಂದ ಜಾರಿ ಬೀಳುತ್ತಿದ್ದ ಕೂದಲನ್ನು ನೋಡುತ್ತ ತಲೆಯಾಡಿಸುತ್ತಲೇ ಇದ್ದ. ಕೂದಲನ್ನು ಅವಳು ಮೂರು ಸಲ ಹಿಂದಕ್ಕೆ ಸಿಕ್ಕಿಸಿಕೊಂಡಳು, ಮೂರು ಸಲವೂ ಅದು ಮತ್ತೆ ಜಾರಿತು.

ಮುಂದಿನ ತಿಂಗಳು ಅವಳು ಮತ್ತೆ ಬಂದಳು, ಗ್ಲೌಸಿಲ್ಲದೆ. ಈ ಸಲ ಡಬ್ಬಿಯಲ್ಲಿ ಚೆರ್ರಿ ಪೈ ತಂದಿದ್ದಳು.

"ಇದರ ಬೆಲೆ ಹೇಳಿ ನೋಡೋಣ."

ಅವನು ಬಗ್ಗಿ ಮೂಸಿದ. "ತಳ ಸ್ವಲ್ಪ ಸೀದಿದೆ."

"ಕೊಡಿ ಇಲ್ಲಿ, ನಾನೇ ತಿಂತೀನಿ."

"ಸೀದಿದ್ದೇ ನನಗಿಷ್ಟ ಅಂತ ಹೇಳೋಕೆ ಬಿಡಲೇ ಇಲ್ಲವಲ್ಲ ನೀವು."

ಹೀಗೆ ಶುರುವಾಯಿತು. ಜೂನ್ ಹೊತ್ತಿಗೆ "ನೀವು" ಹೋಗಿ "ನೀನು" ಬಂತು. ಭಾನುವಾರ ಇಬ್ಬರೂ ಕೊಲಂಬಸ್‌ಗೆ ಆಟ ನೋಡಲು ಹೋಗುತ್ತಿದ್ದರು. ಸಾಸಿವೆ ಮೆತ್ತಿದ ಹಾಟ್ ಡಾಗ್ ತಿನ್ನುತ್ತ ಅವನು ಅವಳಿಗೆ ಕಸುಬು ಹೇಳಿಕೊಡುತ್ತಿದ್ದ. ಗ್ಲೌಸಿನ ಅಂಗೈಯಲ್ಲಿ ಮುದ್ರೆಯೊತ್ತಿದ ಆಟಗಾರನ ಹೆಸರು ಎಷ್ಟು ಮಾಸಿದೆ ನೋಡಬೇಕು. ಒಳಗೆ ಕೈ ಹಾಕಿ ಹಳೆಯ ಬೆರಳುಗಳ ಗುಳಿ ಹುಡುಕಬೇಕು. ದಾರ ಕಾರ್ಖಾನೆಯದೋ, ಆಮೇಲೆ ಪೋಣಿಸಿದ್ದೋ ತಿಳಿಯಬೇಕು. ಅವಳು ಬಲು ಬೇಗ ಕಲಿತಳು. ಕಲಿತದ್ದನ್ನು ಅವನ ಮೇಲೇ ತಿರುಗಿಸಿದಳು.

"ಮಾಡೆಲ್ ಹಳೇದು. ತೊಗಲು ಗಟ್ಟಿ," ಎಂದು ಅವನ ಅಂಗೈ ಹಿಡಿದು ತಿರುಗಿಸಿ ನೋಡಿದಳು ಒಂದು ದಿನ. "ಜಾಸ್ತಿ ಬಳಕೆ ಆಗಿಲ್ಲ. ಯಾರೂ ಕೇಳಲಿಲ್ವೋ, ಇವನೇ ಕೊಡಲಿಲ್ವೋ?"

ವೆಂಡೆಲ್ ಕಿವಿಯವರೆಗೂ ಕೆಂಪಾದ. ಕೈ ಬಿಡಿಸಿಕೊಳ್ಳಲಿಲ್ಲ. ಅವಳು ಎರಡು ಇನ್ನಿಂಗ್ಸ್‌ವರೆಗೂ ಆ ಕೈ ಹಿಡಿದೇ ಕೂತಿದ್ದಳು, ಅವನೇನಾದರೂ ಅನ್ನಲಿ ಎಂದು. ಕೊನೆಗೆ ಅವನು ಅಂದದ್ದು, "ಪಾಪ್‌ಕಾರ್ನ್ ತರಲಾ?"

ಇಂಥವನಿಗೆ ಏನು ಹೇಳೋಣ.

ಡಾಟಿ ಮಾತ್ರ ಫೋನಿನಲ್ಲಿ ಬೈಯುತ್ತಿದ್ದಳು. "ಹೇಳಿಬಿಡೋ ಮಾರಾಯ. ಅವಳೇನು ಕಚ್ಚುತ್ತಾಳಾ?"

"ಅವಳ ಮನಸ್ಸಲ್ಲಿ ಇನ್ನೂ ಗಂಡ ಇದಾನೆ ಡಾಟಿ. ಆ ಗ್ಲೌಸನ್ನೇ ಮಾರಲ್ಲ ಅಂದಿದಾಳೆ."

"ನೀನು ಗ್ಲೌಸ್ ವಿಷಯ ಬಿಟ್ಟು ಬೇರೇನಾದ್ರೂ ಕೇಳಿದೀಯಾ ಅವಳನ್ನ?"

ಕೇಳಿರಲಿಲ್ಲ.

ಸೆಪ್ಟೆಂಬರ್‌ನ ಒಂದು ಮಂಗಳವಾರ ಅವನು ಗಟ್ಟಿ ಮನಸ್ಸು ಮಾಡಿದ. ಸಂಜೆ ನೊರೀನ್ ಅವನ ಮನೆಗೆ ಊಟಕ್ಕೆ ಬರುವುದಿತ್ತು. ಇವತ್ತು ಹೇಳಿಯೇ ತೀರುತ್ತೇನೆ ಎಂದುಕೊಂಡು ಅಂಚೆ ಕಚೇರಿಯಿಂದ ಬೇಗ ಬಂದ. ಕ್ಷೌರದಂಗಡಿಗೆ ಹೊರಡಬೇಕು ಎನ್ನುವಾಗ ಡಾಟಿಯ ಹರಾಜಿನಿಂದ ಆರು ಫೋಟೋ ಬಂದವು, ಐಟಂ ನೂರಾ ನಲವತ್ತೆರಡು. ಕೈಯಲ್ಲಿ ಕಾರಿನ ಕೀ ಹಿಡಿದುಕೊಂಡೇ ನೋಡಿ, ನಿಂತಲ್ಲೇ ಟೈಪ್ ಮಾಡಿದ:

"ಮಾದರಿ ಒಳ್ಳೆಯದು, ಮುದ್ರೆ ಸ್ಪಷ್ಟ. ಆದರೆ ಬಲೆಯನ್ನು ಯಾರೋ ಕೈಗೆ ಸಿಕ್ಕ ಹಸಿರು ದಾರದಿಂದ ಹೊಲಿದು ಹಾಳುಮಾಡಿದ್ದಾರೆ. ಸುಮ್ಮನಿದ್ದಿದ್ದರೆ ನಾನೂರು ಬರುತ್ತಿತ್ತು. ಈಗ ಅರವತ್ತು ಡಾಲರ್."

ಕಳಿಸಿ ಹೋದ. ಕ್ಷೌರ ಮಾಡಿಸಿಕೊಂಡ. ನೀಲಿ ಅಂಗಿ ಇಸ್ತ್ರಿ ಮಾಡಿದ. ಕೋಳಿ ಬೇಯಿಸಿಟ್ಟ. ಆರು ಗಂಟೆಗೆ ನೊರೀನ್ ಫೋನ್ ಮಾಡಿ, ತಲೆನೋವು, ಬರಲಾಗುವುದಿಲ್ಲ ಎಂದಳು. ಅವಳ ದನಿ ನೆಗಡಿಯಾದವರ ಹಾಗಿತ್ತು. ಪಾಪ ಹುಷಾರಿಲ್ಲ ಎಂದೇ ಅವನು ತಿಳಿದ.

ಶನಿವಾರ ಲೈಬ್ರರಿಯಲ್ಲಿ ಸಾಲಿನ ಕೊನೆಯಲ್ಲಿ ಅವಳು ನಿಂತಿದ್ದಳು. ಎಲ್ಲರೂ ಹೋಗುವವರೆಗೆ ಕಾದು, ಮೇಜಿನ ಮುಂದೆ ಕೂತಳು. ಬರಿಗೈಯಲ್ಲಿ ಬಂದಿದ್ದಳು.

"ತಲೆನೋವು ಹೇಗಿದೆ?" ಎಂದ ಅವನು.

"ನೂರಾ ನಲವತ್ತೆರಡು. ಅದನ್ನ ಹೊಲಿದವಳು ನಾನು, ಮಿಸ್ಟರ್ ಹಾಕ್."

ಅವನಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಆಮೇಲೆ ಹಸಿರು ದಾರ ನೆನಪಾಯಿತು.

"ಲೈಲ್‌ದಾ ಅದು?"

"ಲೈಲ್‌ದು. ಕೊನೇ ವಾರ ಆಸ್ಪತ್ರೇಲಿ ಅದನ್ನ ಕೈಗೆ ಹಾಕ್ಕೊಂಡೇ ಮಲಗ್ತಿದ್ದ. ಬಲೆ ಕಿತ್ತುಬಂತು. ನರ್ಸ್ ಹತ್ರ ದಾರ ಇಸ್ಕೊಂಡು ಅಲ್ಲೇ ಕೂತು ಹೊಲಿದೆ. ಏಪ್ರಿಲ್‌ನಲ್ಲಿ ಇದೇ ಕುರ್ಚೀಲಿ ಕೂತು ನಿಮಗೆ ಹೇಳಿದ್ದೆ. ನೀವು ತಲೆ ಆಡಿಸಿದ್ರಿ."

"ಮಾರಲ್ಲ ಅಂದಿದ್ದೆಯಲ್ಲ..."

"ಅಂದಿದ್ದೆ. ಈಗ ಅದು ಮನೇಲಿ ಇರೋದು ಬೇಡ ಅನ್ನಿಸ್ತು. ಯಾಕೆ ಅನ್ನಿಸ್ತು ಅಂತ ಬಾಯಿಬಿಟ್ಟು ಹೇಳೋಕೆ ನಾಚಿಕೆ ಆಯ್ತು. ನಿಮ್ಮ ಕೈಗೇ ಬರುತ್ತೆ, ನೋಡಿದ ತಕ್ಷಣ ಗುರುತು ಹಿಡೀತೀರಿ, ಫೋನ್ ಮಾಡಿ ಯಾಕೆ ನೊರೀನ್ ಅಂತ ಕೇಳ್ತೀರಿ ಅಂದ್ಕೊಂಡೆ. ಒಂದು ಗ್ಲೌಸನ್ನೂ ಮರೆತಿಲ್ಲ ಅಂತಿದ್ರಲ್ಲ." ಅವಳು ಮೂಗೊರೆಸಿಕೊಂಡಳು. "ಕೇಳಿದ್ರೆ ಹೇಳೋಣ ಅಂತ ಫೋನ್ ಪಕ್ಕಾನೇ ಕೂತಿದ್ದೆ. ಹಾಳುಮಾಡಿದ್ದಾರೆ ಅಂತ ಬಂತು."

ಆ ಹೊತ್ತಿನಲ್ಲಿ ಆಡಬೇಕಾದ ಮಾತು ವೆಂಡೆಲ್‌ನ ನಾಲಿಗೆಯ ತುದಿಯಲ್ಲೇ ಇತ್ತು. ನಾನು ಗ್ಲೌಸು ನೋಡಲೇ ಇಲ್ಲ, ನಿನ್ನನ್ನು ನೋಡುತ್ತಿದ್ದೆ. ಇಷ್ಟೇ. ಒಂದು ಉಸಿರಿನ ಮಾತು. ಅವಳು ಅವನ ಬಾಯನ್ನೇ ನೋಡುತ್ತ ಕಾದಳು.

"ಆ ವರದಿ ತಿದ್ದಿ ಬರೀಬಹುದು," ಎಂದ. "ಮನೆಯವರೇ ಪ್ರೀತಿಯಿಂದ ಹೊಲಿದದ್ದು ಅಂತ ಹಾಕಿದ್ರೆ ಕೆಲವರು ಎಂಬತ್ತು, ತೊಂಬತ್ತರವರೆಗೂ ಕೊಡ್ತಾರೆ."

ನೊರೀನ್ ಎದ್ದು ಕುರ್ಚಿಯನ್ನು ಮೆಲ್ಲಗೆ ಮೇಜಿನೊಳಕ್ಕೆ ಸರಿಸಿದಳು.

"ಬೇಡ. ಸರಿಯಾಗೇ ಬರೆದಿದೀರ," ಎಂದಳು.

ಅವನು ಹಿಂದೆ ಓಡಲಿಲ್ಲ. ನಾಳೆ ಹೋಗೋಣ ಎಂದುಕೊಂಡ. ನಾಳೆ ಕಳೆದು ನಾಡಿದ್ದಾಯಿತು. ಪತ್ರ ಬರೆದು ಹರಿದ, ಫೋನ್ ಎತ್ತಿ ಇಟ್ಟ. ಹತ್ತೊಂಬತ್ತನೆಯ ದಿನ ಡಾಟಿ ಫೋನ್ ಮಾಡಿದಳು.

"ನಾಳೆ ಬೆಳಿಗ್ಗೆ ನೊರೀನ್ ಡುಲೂತ್‌ಗೆ ಹೊರಟಳು ಕಣೋ. ತಂಗಿ ಊರು, ಕಾರಲ್ಲಿ ಎರಡು ದಿನದ ದಾರಿ. ಗ್ಲೌಸಿನ ದುಡ್ಡು ಅಲ್ಲಿಗೇ ಕಳಿಸು ಅಂದಳು. ಅಲ್ಲಿನ ಶಾಲೆ ಅಡುಗೆಮನೇಲಿ ಕೆಲಸ ಸಿಕ್ಕಿದೆಯಂತೆ. ಈಗಲಾದ್ರೂ ಹೋಗ್ತೀಯೋ, ಇಲ್ಲ ಅದಕ್ಕೂ ಫೋಟೋ ಕಳಿಸ್ಲೋ?"

ಬೆಳಿಗ್ಗೆ ಅವನು ರಜೆ ಹಾಕಿ ಹೋದ. ಅವಳು ಕಾರಿನ ಹಿಂದಿನ ಸೀಟಿಗೆ ಪೆಟ್ಟಿಗೆ ತುರುಕುತ್ತಿದ್ದಳು. ಅವನನ್ನು ಕಂಡು ಕೈ ನಿಲ್ಲಿಸಿದಳು.

"ಏಪ್ರಿಲ್‌ನಲ್ಲಿ ನಾನು ಆ ಗ್ಲೌಸ್ ನೋಡಲೇ ಇಲ್ಲ ನೊರೀನ್," ಎಂದ ಅವನು, ಗೇಟಿನ ಹತ್ತಿರದಿಂದಲೇ. ನಿಂತರೆ ಮಾತು ನಿಂತುಹೋದೀತು ಎಂದು ಒಂದೇ ಸಮನೆ ಹೇಳಿದ. "ನಿನ್ನನ್ನೇ ನೋಡ್ತಿದ್ದೆ. ಕಥೆ ಕಿವಿಗೇ ಬೀಳಲಿಲ್ಲ. ಅವತ್ತಿಂದ ನಿನ್ನನ್ನ ಪ್ರೀತಿಸ್ತಿದೀನಿ. ಹಾಗೆಲ್ಲ ಬರೆದದ್ದು ತಪ್ಪಾಯ್ತು. ಆ ಶನಿವಾರ ಬಾಯಿ ಮುಚ್ಕೊಂಡಿದ್ದು ಅದಕ್ಕಿಂತ ದೊಡ್ಡ ತಪ್ಪು."

ಅವಳು ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು. "ಗೊತ್ತಿತ್ತು," ಎಂದಳು.

"ಗೊತ್ತಿತ್ತಾ?"

"ಕಥೆ ಮಧ್ಯೆ ಬೇಕಂತಲೇ, ಆಮೇಲೆ ಆಸ್ಪತ್ರೆಗೆ ಒಂದು ಆನೆ ಬಂತು ಅಂದೆ. ಅದಕ್ಕೂ ತಲೆ ಆಡಿಸಿದೆ ನೀನು." ಅವಳು ನಕ್ಕಳು, ಓರೆ ಹಲ್ಲು ಕಾಣಿಸಿತು, ಜೊತೆಗೇ ಕಣ್ಣು ತುಂಬಿತು. "ಅವತ್ತು ಮನೆಗೆ ಹೋಗೋವರೆಗೂ ಒಬ್ಬಳೇ ನಗ್ತಾ ಇದ್ದೆ. ಅದಕ್ಕೇ ತಾನೇ ಪೈ ತಂದದ್ದು."

"ಹಾಗಾದ್ರೆ ಯಾಕೆ ಹೋಗ್ತಿದೀಯ?"

"ಗ್ಲೌಸ್ ಗುರುತು ಹಿಡೀಲಿಲ್ಲ ಅಂತಲ್ಲ ವೆಂಡೆಲ್. ಕಥೆ ಕೇಳದಿದ್ರೂ ಅದು ಕಣ್ಣಿಗಾದ್ರೂ ಬಿದ್ದಿರುತ್ತೆ ಅಂದ್ಕೊಂಡಿದ್ದೆ, ಅಷ್ಟೇ. ಅದಕ್ಕೆ ಎರಡು ದಿನ ಅತ್ತು ಸುಮ್ಮನಾದೆ. ನಾನೇ ಎದುರಿಗೆ ಬಂದು ಕೂತೆನಲ್ಲ, ಆಗ ಈ ಮಾತು ಹೇಳಬಹುದಿತ್ತು. ನೀನು ತೊಂಬತ್ತು ಡಾಲರ್ ಅಂದೆ. ಆಮೇಲೂ ನಾನು ಹತ್ತೊಂಬತ್ತು ದಿನ ಕಾದೆ." ಅವಳು ಅಂಗೈಯಿಂದ ಕೆನ್ನೆ ಒರೆಸಿಕೊಂಡಳು. "ಲೈಲ್ ಒಳ್ಳೆಯವನು. ಆದ್ರೆ ಅವನ ಹೊಟ್ಟೆಯೊಳಗಿನ ಒಂದೊಂದು ಮಾತನ್ನೂ ನಾನೇ ಎಳೆದು ತೆಗೀಬೇಕಿತ್ತು. ಕಾಯಿಲೆ ಇದೆ ಅಂತ ಹೇಳೋಕೇ ಒಂದು ವರ್ಷ ತಗೊಂಡ. ಇನ್ನೊಬ್ಬನ ಬಾಯಿ ಬಿಡಿಸೋ ಶಕ್ತಿ ನನಗಿಲ್ಲ. ದಣಿದಿದೀನಿ ಕಣೋ."

ಅವನಿಗೆ ಅಳು ಒತ್ತರಿಸಿ ಬಂತು. ಅವಳ ಮಾತಿನಲ್ಲಿ ತೆಗೆದುಹಾಕಬಹುದಾದದ್ದು ಒಂದೂ ಇರಲಿಲ್ಲ.

"ಗ್ಲೌಸ್ ಏನಾಯ್ತು?" ಎಂದು ಕೇಳಿದ, ಬೇರೇನೂ ತೋಚದೆ.

"ಟೊಲೀಡೋದ ಒಬ್ಬ ಮೇಷ್ಟ್ರು ತಗೊಂಡ್ರು. ಮಗಳು ಆಡ್ತಾಳಂತೆ."

ಕೊನೆಯ ಪೆಟ್ಟಿಗೆಯನ್ನು ಅವನೇ ಎತ್ತಿಟ್ಟ. ಅವಳು ಅವನ ಕೋಟಿನ ಕಾಲರ್ ಸರಿಮಾಡಿ, ಕೆನ್ನೆಗೆ ಮುತ್ತಿಟ್ಟು, ಒಂದಿಷ್ಟು ಹೊತ್ತು ಹಾಗೇ ಕೆನ್ನೆಗೆ ಕೆನ್ನೆ ಒತ್ತಿ ನಿಂತಳು. ಆಮೇಲೆ ಕಾರು ಹತ್ತಿ ಸ್ಟಾರ್ಟ್ ಮಾಡಿದಳು.

ಆದರೆ ಹೊರಡಲಿಲ್ಲ. ಬೆಲ್ಟ್ ಹಾಕಿಕೊಂಡಳು. ಕನ್ನಡಿ ತಿರುಗಿಸಿದಳು, ಮತ್ತೆ ಮೊದಲಿನ ಹಾಗೇ ತಿರುಗಿಸಿದಳು. ಕಿಟಕಿಯ ಗಾಜು ಇಳಿಸಿ ಅವನನ್ನು ನೋಡಿದಳು.

"ಇನ್ನೇನಾದ್ರೂ ಹೇಳೋದಿದೆಯಾ?"

ವೆಂಡೆಲ್ ಯೋಚಿಸಿದ. ಹೇಳಬೇಕಾದದ್ದನ್ನೆಲ್ಲ ಹೇಳಿದ್ದೇನೆ ಎಂದೇ ಅವನಿಗೆ ಅನ್ನಿಸಿತು.

"ವಿಸ್ಕಾನ್ಸಿನ್ ದಾಟೋವಾಗ ಗಾಳಿ ಜಾಸ್ತಿ ಇರುತ್ತಂತೆ," ಎಂದ. "ನಿಧಾನಕ್ಕೆ ಹೋಗು."

ಅವಳು ತಲೆಯಾಡಿಸಿದಳು. ಕಾರು ಬೀದಿಯ ಕೊನೆಯವರೆಗೂ ತೀರ ನಿಧಾನವಾಗಿಯೇ ಹೋಯಿತು, ತಿರುವಿನಲ್ಲಿ ಒಂದು ಗಳಿಗೆ ನಿಂತಿತು, ಮತ್ತೆ ಹೊರಟುಹೋಯಿತು.

ಅವನು ರಸ್ತೆಯಲ್ಲೇ ನಿಂತಿದ್ದ. ಪ್ರೀತಿಸ್ತಿದೀನಿ ಅಂದಿದ್ದ. ತಪ್ಪಾಯ್ತು ಅಂದಿದ್ದ. ಹೋಗಬೇಡ ಎಂದು ಮಾತ್ರ ಅಂದಿರಲಿಲ್ಲ.