ಮುಅಜ್ಜಲ್ ಅಂದ್ರ ಯಾವಾಗ?

“ಯಾವಾಗ ಕೊಡೋದಂತ ಹೇಳ್ಲಿಲ್ಲಂದ್ರ ಅದು ಮಾತಲ್ರಿ, ಗಾಳಿ!”

ತಹಸೀನ್ ತಟ್ಟನೆ ತಲೆ ಎತ್ತಿದಳು. ಹುಮನಾಬಾದಿನಲ್ಲಿ ನಡೆಯುತ್ತಿದ್ದ ಕಾನೂನು ವಿಚಾರ ಸಂಕಿರಣದಲ್ಲಿ ಅವಳ ಪ್ರಬಂಧ ಇನ್ನೂ ಅರ್ಧಕ್ಕೂ ಬಂದಿರಲಿಲ್ಲ. ಅಷ್ಟರಲ್ಲೇ ಹಿಂದಿನ ಸಾಲಿನಿಂದ ಒಬ್ಬ ಎದ್ದು ನಿಂತಿದ್ದ!

ಅವಳ ಸಂಶೋಧನೆಯ ವಿಷಯ ಮೆಹರ್. ನಿಕಾಹ್‌ನಲ್ಲಿ ಗಂಡು ಹೆಣ್ಣಿಗೆ ಕೊಡಲೇಬೇಕಾದದ್ದು, ಅವಳೊಬ್ಬಳದೇ ಹಕ್ಕಿನದು.

“ಮೊದ್ಲ ಪೂರಾ ಕೇಳ್ರಿ. ಆಮ್ಯಾಲ ಗಾಳಿ ಬಿಡ್ರಿ!” ಅಂದಳು.

ಸಭೆ ಗೊಳ್ಳೆಂದು ನಕ್ಕಿತು. ಅವನೂ ನಕ್ಕುಬಿಟ್ಟ. ಅದೇ ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು.

ಮಧ್ಯಾಹ್ನ ಅವನ ಸರದಿ. ಹೆಸರು ಒವೈಸ್, ಇದೇ ಹುಮನಾಬಾದಿನವನು. ಅವನ ವಿಷಯ ಹಸಿರು ಬಾಂಡ್‌ಗಳ ಕಾಯ್ದೆ. ಗಿಡ ನೆಡುತ್ತೇವೆ, ಹೊಗೆ ತಗ್ಗಿಸುತ್ತೇವೆ ಎಂದು ಹೇಳಿ ಕಂಪನಿಗಳು ಜನರಿಂದ ಬಂಡವಾಳ ಎತ್ತುತ್ತವಲ್ಲ, ಆ ಮಾತನ್ನು ಉಳಿಸಿಕೊಂಡವೋ ಇಲ್ಲವೋ ಎಂದು ಕೇಳುವ ನಿಯಮಗಳು.

ತಹಸೀನ್ ಕಾದುಕೊಂಡೇ ಕೂತಿದ್ದಳು. “ಗಿಡ ಯಾವಾಗ ಹಚ್ತಾರಂತ ನಿಮ್ಮ ಕಾಯ್ದೆದಾಗ ಐತೇನ್ರಿ?”

ಒವೈಸ್ ತಡವರಿಸಿದ. “ಅದನ್ನ ಬರಸಬೇಕಂತನ... ನಾನೂ ಬಡದಾಡಾಕತ್ತೇನ್ರಿ.”

ಇಂಥ ಜಗಳ ಕೊನೆಗೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ನಿಮಗೆ ಆಗಲೇ ಗೊತ್ತಾಗಿರಬೇಕು. ಅವಳಿಗೆ ಮಾತ್ರ ಗೊತ್ತಾಗಲಿಲ್ಲ, ಪಾಪ!

ಒವೈಸನ ತೀರಿಹೋದ ಅಜ್ಜ ವಕೀಲರಾಗಿದ್ದರು. ನಿಜಾಮರ ಕಾಲದ ಉರ್ದು ತೀರ್ಪುಗಳು, ನಿಕಾಹ್ ಕಾನೂನಿನ ಗ್ರಂಥಗಳು ಅವರ ಕೋಣೆಯ ತುಂಬ ಇದ್ದವು. ಅವನ್ನು ಓದಲು ತಹಸೀನ್ ಬಸವಕಲ್ಯಾಣದಿಂದ ಬಸ್ಸು ಹಿಡಿದು ಬರತೊಡಗಿದಳು. ಜೊತೆಗೆ ಕಾವಲಿಗೆ ಜುಲೇಖಾ ಖಾಲಾ, ಅವಳ ತಾಯಿಯ ತಂಗಿ. ಕಾವಲಿನ ಖಾಲಾ ಒವೈಸನ ತಾಯಿ ಕೊಟ್ಟ ಚಹಾ ಕುಡಿದು ಅಲ್ಲೇ ತೂಕಡಿಸುತ್ತಿದ್ದರು.

ಇಬ್ಬರ ಮನೆಮಾತೂ ದಖನಿ ಉರ್ದು. ಆದರೆ ಮೊದಲ ಜಗಳ ಕನ್ನಡದಲ್ಲಿ ಆಗಿತ್ತಲ್ಲ, ಮುಂದಿನ ಜಗಳಗಳೂ ಕನ್ನಡದಲ್ಲೇ ಆದವು. ಆಮೇಲೆ ಜಗಳ ಕಡಿಮೆಯಾಗಿ ಮಾತು ಹೆಚ್ಚಾಯಿತು. ಅವಳ ಪ್ರಬಂಧದ ಅಧ್ಯಾಯಗಳನ್ನು ಅವನೇ ಓದಿ ತಿದ್ದತೊಡಗಿದ. ಒಂದು ದಿನ ಅವಳು ಪುಟ ತಿರುವುತ್ತಿದ್ದಾಗ ಒವೈಸ್ ಕೇಳಿಯೇಬಿಟ್ಟ.

“ನಮ್ಮ ಮನಿಯಾಗಿಂದ ಮಾತಾಡಾಕ ಬಂದ್ರ... ನೀವು ಮೆಹರ್ ಏನ್ ಕೇಳ್ತೀರಿ?”

ಅವಳ ಕೆನ್ನೆ ಬಿಸಿಯಾಯಿತು. ಆದರೂ ಉತ್ತರಕ್ಕೆ ತಡವಾಗಲಿಲ್ಲ. “ಈ ಕಿತಾಬು. ಎಲ್ಲಾ!”

ಖಾಲಾಗೆ ಅಂದು ನಿದ್ದೆ ಹತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡೇ ನಕ್ಕರು.

ಇಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಕೆಟ್ಟದ್ದು ಒಂದು ಪದದಿಂದ.

ಮುಅಜ್ಜಲ್ ಅಂದರೆ ಕೇಳಿದ ಕೂಡಲೇ ಕೊಡಬೇಕಾದ ಮೆಹರ್. ಮುವಜ್ಜಲ್ ಅಂದರೆ ಮುಂದೆ ಯಾವತ್ತೋ, ತಲಾಖ್ ಆದರೆ ಅಥವಾ ಗಂಡ ಸತ್ತರೆ ಕೊಡುವುದು. ಬರೆದರೆ ಎರಡೂ ಬೇರೆ. ಬೀದರ ಸೀಮೆಯ ಬಾಯಲ್ಲಿ ಎರಡೂ ‘ಮೊಜ್ಜಲ್’!

ಜುಲೇಖಾ ಖಾಲಾಳ ನಿಕಾಹ್‌ನಲ್ಲಿ ಆದದ್ದೂ ಅದೇ. ಮೊಜ್ಜಲ್ ಅಂದಾಗ ಈಗಲೇ ಅಂದುಕೊಂಡು ಖಾಲಾ ಒಪ್ಪಿದ್ದರು. ಕೇಳಲು ಹೋದಾಗ “ನಾವು ಹೇಳಿದ್ದು ಮುಂದ” ಅಂದಿದ್ದರು ಗಂಡನ ಕಡೆಯವರು. ಗಂಡ ತಲಾಖ್ ಕೊಡದೆ ಬಿಟ್ಟುಹೋದ, ಹಾಗಾಗಿ ಆಮೇಲೂ ಏನೂ ಕೈಗೆ ಬರಲಿಲ್ಲ. ತಹಸೀನ್ ಕಾನೂನು ಓದಲು ಹೊರಟದ್ದೇ ಆ ಸಂಕಟದಿಂದ.

ಒವೈಸ್ ಮೆಹರ್ ಕೇಳಿದ ಕೆಲವು ದಿನಕ್ಕೆ ಅವನ ಸೋದರಮಾವ ಅಮೀರ ಸಾಹೇಬರು ಬಸವಕಲ್ಯಾಣಕ್ಕೆ ಮಾತುಕತೆಗೆ ಬಂದಿದ್ದರು. ಪರದೆಯ ಹಿಂದೆ ತಹಸೀನ್ ಉಸಿರು ಹಿಡಿದು ನಿಂತಿದ್ದಳು.

“ಮೆಹರ್ ಹ್ಯಾಂಗ ಮಾಡೂಣ್ರಿ?” ಅವಳ ತಂದೆ ಲಾಲ್ ಅಹ್ಮದ್ ಕೇಳಿದರು.

“ಕಿತಾಬೆಲ್ಲಾ ಆಕೀಗೇ ಅಂತ ನಮ್ಮ ಹುಡುಗ ಹೇಳ್ಯಾನ್ರಿ. ಮೊಜ್ಜಲ್.”

ಪರದೆಯ ಹಿಂದೆ ಅವಳು ಮುಂದಕ್ಕೆ ಬಾಗಿದಳು. ಯಾವ ಮೊಜ್ಜಲ್?

ಅತಿಥಿಗಳು ಹೋದರೂ ಅವಳಿಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಮಾಳಿಗೆ ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು. ಕೊನೆಗೆ ಫೋನ್ ಮಾಡಿದಳು. ಅತ್ತ ಕಡೆ ಏನೋ ಗಡಬಡ, ಸಾಮಾನು ಎಳೆಯುವ ಸದ್ದು.

“ಮೊಜ್ಜಲ್ ಅಂತ ನೀವೇ ಹೇಳಿ ಕಳ್ಸೀರೇನ್ರಿ?”

“ಹೌದ್ರಿ! ಮತ್ತ ಯಾರ್ ಹೇಳ್ತಾರ? ನಾನೇ ಹೇಳೇನಿ!” ಅವನ ದನಿಯಲ್ಲಿ ಹೆಮ್ಮೆ ಬೇರೆ.

ಹೆಮ್ಮೆ! ಖಾಲಾಳ ಕಥೆಯನ್ನು ಅವನ ಮುಂದೆ ತಾನೇ ಅತ್ತು ಹೇಳಿಕೊಂಡಿದ್ದಳಲ್ಲ...

“ಹಂಗಾದ್ರ ಈ ನಿಕಾಹ್ ಬ್ಯಾಡ್ರಿ!”

ಫೋನ್ ಇಟ್ಟಳು. ಸ್ವಿಚ್ ಆಫ್ ಮಾಡಿದಳು.

ಆ ರಾತ್ರಿ ಅವಳ ಕಣ್ಣಿಗೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಓದಲು ಕೂತರೆ ಅಕ್ಷರ ತಲೆಗೆ ಹೋಗಲಿಲ್ಲ. ಹೊರಗೆ ಯಾವುದೇ ಗಾಡಿಯ ಹಾರ್ನ್ ಕೇಳಿದರೂ ಕಿಟಕಿಗೆ ಓಡುತ್ತಿದ್ದಳು. ‘ಅವನು ಬರಬಾರದು’ ಅಂದುಕೊಳ್ಳುತ್ತ ಓಡುತ್ತಿದ್ದಳು!

“ಬೇಟಾ, ಅವ್ರ ಮನಿಗೆ ಬ್ಯಾಡಂತ ಹೇಳಿ ಕಳ್ಸಲೇನು?” ಅಬ್ಬಾ ಮೆಲ್ಲಗೆ ಕೇಳಿದರು.

“ಹ್ಞೂಂ...” ಅಂದಳು. ಮರುಕ್ಷಣವೇ, “ತಡೀರಿ ಅಬ್ಬಾ. ಸಂಜೀತನ...”

ಸಂಜೆಯವರೆಗೆ ಕಾಯುವ ಪ್ರಸಂಗ ಬರಲಿಲ್ಲ. ಬಾಗಿಲ ಮುಂದೆ ಟೆಂಪೊ ಒಂದು ಬಂದು ನಿಂತಿತು. ಅದರ ತುಂಬ ಹಗ್ಗ ಬಿಗಿದ ಗಂಟುಗಳು. ಗಂಟುಗಳ ನಡುವೆ ಧೂಳು ಮೆತ್ತಿದ ಕೂದಲಿನ ಒವೈಸ್!

ತಹಸೀನ್ ಹೊಸ್ತಿಲಲ್ಲೇ ಕಲ್ಲಾದಳು. ಅವನು ಕೆಳಗಿಳಿದು ಎದುರು ನಿಂತ, ತಪ್ಪು ಮಾಡಿದವನ ಹಾಗೆ.

“ಸಿಟ್ಟು ಬರೂದು ಬರೋಬ್ಬರಿ ಐತ್ರಿ. ಈಗಲೇ ಕೊಡ್ತೇನಿ ಅಂತ ಹೇಳಿ, ಮಾಮೂನ ಖಾಲಿ ಕೈಲೆ ಕಳ್ಸಿದೆ. ನೀವು ಫೋನ್ ಮಾಡಿದಾಗ ಇವನ್ನೇ ಕಟ್ಟಾಕತ್ತಿದ್ದೆ. ಮಾಫ್ ಮಾಡ್ರಿ.”

“ಈಗಲೇ...? ನೀವು ಹೇಳಿದ್ದು... ಮುಅಜ್ಜಲ್?”

“ಮತ್ತ ನೀವು ಕೇಳಿದ್ದು?”

“ಮುವಜ್ಜಲ್!”

ಆ ಪದದ ಮೇಲೆ ಇಡೀ ಅಧ್ಯಾಯ ಬರೆದವಳು, ಆ ಅಧ್ಯಾಯವನ್ನು ಓದಿ ತಿದ್ದಿದವನು... ಇಬ್ಬರೂ ಅದೇ ಪದಕ್ಕೆ ಎಡವಿ ಬಿದ್ದಿದ್ದರು!

ತಹಸೀನ್ ನಗಲು ಹೋದಳು. ಬಂದದ್ದು ಅಳು.

“ನಾ ಪದ ಕೇಳ್ಲಿಲ್ರಿ ಒವೈಸ್. ನನ್ನ ಅಂಜಿಕಿನ ಕೇಳ್ದೆ. ಖಾಲಾಗ ಆಗಿದ್ದು ನನಗೂ ಆಗ್ತದಂತ...”

“ಹಂಗ ಅನಸಿದ್ರ ಒಂದ್ಸಲ ಬೈದು ಕೇಳಬೇಕಿಲ್ಲೇನು? ಬೈಯೋದು ನಿಮಗ ಹೊಸಾದೇನು?” ಅವನ ಕಣ್ಣೂ ಒದ್ದೆಯಾಗಿತ್ತು.

ಅಷ್ಟರಲ್ಲಿ ಜುಲೇಖಾ ಖಾಲಾ ಹೊರಗೆ ಬಂದರು. ಒಂದು ಗಂಟಿನಿಂದ ದಪ್ಪ ಗ್ರಂಥವೊಂದನ್ನು ಎಳೆದು, ಅದರ ಧೂಳನ್ನು ತಮ್ಮ ಸೆರಗಿನಿಂದ ನಿಧಾನವಾಗಿ ಒರೆಸಿದರು. ಆಮೇಲೆ ಅದನ್ನು ತಹಸೀನಳ ಕೈಯಲ್ಲಿಟ್ಟರು.

“ತೊಗೊ ಬೇಟಾ. ಈ ಮನಿಯಾಗ ಒಂದ್ಸಲನಾದ್ರೂ ಮೊಜ್ಜಲ್ ಅಂದ್ರ ಈಗಲೇ ಅಂತಾತು.”

ತಹಸೀನ್ ಪುಸ್ತಕವನ್ನು ಎದೆಗೊತ್ತಿಕೊಂಡಳು. ಲಾಲ್ ಅಹ್ಮದ್ ಗಂಟು ಇಳಿಸುವ ನೆಪದಲ್ಲಿ ಟೆಂಪೊದ ಹಿಂದೆ ಹೋದರು. ಖಾಲಾ ಚಹಾ ಇಡಲು ಒಳಗೆ ನಡೆದರು. ಹೊಸ್ತಿಲಲ್ಲಿ ಉಳಿದವರು ಇಬ್ಬರೇ.

“ಖಾಜಿ ಸಾಹೇಬ್ರ ಮುಂದ ಮೊಜ್ಜಲ್ ಅನಬ್ಯಾಡ್ರಿ,” ಅಂದಳು ಕಣ್ಣೊರೆಸಿಕೊಳ್ಳುತ್ತ. “ಕನ್ನಡದಾಗ ಈಗಲೇ ಅಂತ ಹೇಳ್ರಿ.”

“ಹೇಳ್ತೇನಿ. ಮತ್ತ... ನೀವು ನನಗ ಹೇಳಬೇಕಾದ್ದೊಂದು ಬಾಕಿ ಐತಲ್ಲ? ಅದನ್ನ ಯಾವಾಗ ಹೇಳ್ತೀರಿ?”

ತಹಸೀನ್ ತಲೆ ತಗ್ಗಿಸಿದಳು. ಕೈಯಲ್ಲಿದ್ದ ಪುಸ್ತಕದ ಅಂಚನ್ನು ಬೆರಳಿನಿಂದ ಸವರಿದಳು.

“ನೀ ಅಂದ್ರ ನನಗ ಭಾಳ ಪ್ರೀತಿ, ಒವೈಸ್.”

‘ನೀವು’ ಹೋಗಿ ‘ನೀ’ ಬಂದದ್ದು ಅವನಿಗೆ ತಕ್ಷಣ ತಿಳಿಯಿತು.

“ಇದು ಯಾವ ಮೊಜ್ಜಲ್, ತಹಸೀನ್?”

“ಈಗಿಂದು...” ಅಂದಳು. “ಮುಂದಿಂದೂ!”