ಮಡಚಲೊಲ್ಲದ ಚಾಕು

ಅವಳು ಮಗಳಿಗೆ ಜಡೆ ಹೆಣೆಯುತ್ತಿದ್ದಾಗ ಯಾರೋ ಬಾಗಿಲು ದಬದಬ ಬಡಿದರು. ಪಕ್ಕದಂಗಡಿಯ ಬೀಗ ರಿಪೇರಿಯವನು.

"ಶನಿವಾರ ಅಂಗಡಿ ಖಾಲಿ ಮಾಡ್ತಿದ್ದೀನಿ. ರಿಪೇರಿ ಏನಾದ್ರೂ ಇದ್ರೆ ಈಗಲೇ ಕೊಡಿ. ಆಮೇಲೆ ಗೊಣಗಬೇಡಿ."

ಅವಳ ಕೈಯಲ್ಲಿದ್ದ ಜಡೆ ಸಡಿಲವಾಯಿತು. ದನಿ ಮಾತ್ರ ಸಡಿಲವಾಗಲಿಲ್ಲ. "ಸದ್ಯ, ಪೀಡೆ ತೊಲಗಿತು! ಇನ್ನು ನಾನು ಹೊಲಿದ ಸೀಟ್ ಕವರ್ ಮೇಲೆ ನಿಮ್ಮ ಕಬ್ಬಿಣದ ಪುಡಿ ಬೀಳಲ್ಲ."

"ನಿಮ್ಮ ಮೆಷಿನ್ ಗಡಗಡದಿಂದ ನನ್ನ ಕಿವಿಗೂ ಬಿಡುಗಡೆ."

ರೆಕ್ಸಿನ್ ಕತ್ತರಿಸುವ ಮಡಚುವ ಚಾಕುವನ್ನು ಅವನ ಮುಂದೆ ಕುಕ್ಕಿದಳು. "ಮತ್ತೆ ಲಾಕ್ ಬಿಗಿಯಾಗಿದೆ. ನಿಮ್ಮ ರಿಪೇರಿಯ ಚಂದ ನೋಡಿ!"

ತೆರೆದ ಅಲಗಿನ ಬುಡಕ್ಕೆ ಒತ್ತಿ ನಿಲ್ಲುವ ತೆಳು ಪಟ್ಟಿಯನ್ನು ಅವನು ಹೆಬ್ಬೆರಳಿನಿಂದ ತಳ್ಳಿದ. ಜಪ್ಪಯ್ಯ ಅಂದರೂ ಅಲುಗಲಿಲ್ಲ. ಅಲ್ಲೇ ಕೂತು ಸ್ಕ್ರೂ ಬಿಚ್ಚತೊಡಗಿದ. ಹಣೆಗೆ ಬಿದ್ದ ಕೂದಲನ್ನು ಮೊಣಕೈಯಿಂದ ಸರಿಸಿಕೊಂಡ.

ಅವಳು ನೋಡಿದಳು. ನೋಡಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಗಂಡ ತೀರಿಕೊಂಡ ಮೇಲೆ ಬೇರೆ ಯಾರ ಕೈಗಳನ್ನೂ ಅವಳು ಹೀಗೆ ಕಣ್ಣು ನೆಟ್ಟು ನೋಡಿರಲಿಲ್ಲ.

ಸಂದಿಯಿಂದ ಹಳದಿ ಅಂಟು ಕೆರೆದು ಮೂಸಿದ. "ಅಡುಗೆ ಎಣ್ಣೆ."

"ಇದ್ರೆ?"

"ಒಣಗಿ ಗೋಂದಾಗುತ್ತೆ ಅಂತ ಹೋದ ಸಲವೇ ಹೇಳಿದ್ದೆ. ಅದರ ಹಿಂದಿನ ಸಲವೂ." ಕಿಟಕಿಯಲ್ಲಿದ್ದ ಮೆಷಿನ್ ಎಣ್ಣೆಯ ಬಾಟಲಿಯತ್ತ ನೋಡಿದ. "ಅದು ಕಣ್ಣೆದುರೇ ಇರುವಾಗ, ಬಾಣಲೆಗೆ ಹಾಕೋದನ್ನ ಚಾಕುವಿಗೆ ಯಾಕೆ ಹಾಕ್ತೀರಿ?"

ಅವಳ ಕಿವಿಯ ತುದಿಯವರೆಗೂ ಬಿಸಿಯೇರಿತು. "ನನ್ನ ಚಾಕು, ನನ್ನ ಎಣ್ಣೆ. ಕೇಳೋಕೆ ನೀವ್ಯಾರು?"

"ಯಾರೂ ಅಲ್ಲ. ಅದಕ್ಕೇ ಹೋಗ್ತಿದ್ದೀನಿ."

ಪಟ್ಟಿಯನ್ನು ಚೆನ್ನಾಗಿ ಒರೆಸಿ, ಮೆಷಿನ್ ಎಣ್ಣೆಯ ಒಂದೇ ಹನಿ ಬಿಟ್ಟು, ಸ್ಕ್ರೂ ಬಿಗಿದ. ಚಾಕು ಹೇಳಿದ ಮಾತು ಕೇಳುವ ಮಗುವಿನಂತೆ ಮಡಚಿಕೊಂಡಿತು. ಕೊಡುವಾಗ ಬೆರಳಿಗೆ ಬೆರಳು ತಾಕಿತು. ಇಬ್ಬರೂ ಕೈ ಹಿಂದೆಗೆಯಲಿಲ್ಲ.

"ಇನ್ನು ಕೆಡಲ್ಲ," ಎಂದ. "ನೀವಾಗಿ ಕೆಡಿಸದಿದ್ರೆ."

"ಕೆಡಿಸಿದ್ರೆ ನಿಮಗೇನು? ನೋಡೋಕೆ ಇಲ್ಲಿರ್ತೀರಾ?" ಕೊನೆಯ ಮಾತಿಗೆ ಅವಳ ದನಿಯೂ ಸಡಿಲವಾಯಿತು.

ಅವನು ಬಾಗಿಲಿನತ್ತ ತಿರುಗಿದ.

ಅರ್ಧ ಜಡೆಯ ಪುಟ್ಟಿ ಅವರ ಮುಖ ಇವರ ಮುಖ ನೋಡಿ ನೋಡಿ ಸುಸ್ತಾಗಿದ್ದಳು. ಬಹಳ ದಿನಗಳಿಂದ ನಾಲಿಗೆಯ ತುದಿಯಲ್ಲಿದ್ದುದನ್ನು ಕೇಳಿಯೇ ಬಿಟ್ಟಳು:

"ಅಮ್ಮಾ, ಅಂಕಲ್ ದಿನಾ ಬೈಸ್ಕೊಳ್ಳೋಕೆ ಬರ್ತಾರೆ, ನೀನು ದಿನಾ ಬೈಯೋಕೆ ಅಂತ ಕಾಯ್ತೀಯ. ಹೋಗಬೇಡಿ ಅಂತ ಒಂದೇ ಒಂದು ಸಲ ಹೇಳೋಕೆ ನಿಂಗೇನಮ್ಮ ಕಷ್ಟ?"